ಹಳೆಯ ಕುದುರೆ ಪ್ಲಾಂಟರ್: ಮೋಟರ್ ಕೂರಿಸುವ ಮೊದಲು ಸಾಲು ಬಗೆದು ನೋಡಿ

ಪ್ರಶ್ನೆ: ನಮಸ್ಕಾರ ಸರ್. ಅಮೆರಿಕದ ಓಹಾಯೋದಲ್ಲಿ ಗೆಳೆಯರ ಜೊತೆ ಸೇರಿ ಸಣ್ಣ ಜಮೀನು ನೋಡಿಕೊಳ್ಳುತ್ತಿದ್ದೇನೆ. ಭಾರ ಎಳೆಯುವ ಎರಡು ಕುದುರೆ ಇವೆ. ಎರಡು ಸಾಲಿನ ಹಳೆಯ ಕುದುರೆ ಪ್ಲಾಂಟರ್ (ಕುದುರೆ ಎಳೆಯುವ ಬಿತ್ತನೆ ಯಂತ್ರ) ಒಂದು ಸಿಕ್ಕಿತು. ಒರೆಸಿ, ಎಣ್ಣೆ ಬಿಟ್ಟು, ಮೆಕ್ಕೆಜೋಳ ಬಿತ್ತಿದೆವು. ಹುಟ್ಟಿದ ಮೇಲೆ ನೋಡಿದರೆ ಒಂದು ಕಡೆ ಜೋಡಿ ಸಸಿ, ಇನ್ನೊಂದು ಕಡೆ ಖಾಲಿ. ಎಡಗಡೆ ಸಾಲು ಬಲಗಡೆಗಿಂತ ತಡವಾಗಿ ಹುಟ್ಟಿತು. ಬೀಜದ ಡಬ್ಬಿಯ ತಳದಲ್ಲಿ ಒಡೆದ ಕಾಳೂ ಇದ್ದವು. ಒಬ್ಬರು ‘ಕುದುರೆ ಒಂದೇ ಸಮ ನಡೆಯೋದಿಲ್ಲ, ಅದಕ್ಕೇ ಹೀಗೆ, ಪ್ಲೇಟ್ ತಿರುಗಿಸೋಕೆ ಬ್ಯಾಟರಿ ಮೋಟರ್ ಹಾಕು’ ಅಂತಾರೆ. ಇನ್ನೊಬ್ಬರು ‘ಗಾಳಿ ಹೀರಿ ಒಂದೊಂದೇ ಕಾಳು ಹಿಡಿದು ಬಿಡುವ ಹೊಸ ಮೀಟರ್ ಕೂರಿಸು’ ಅಂತಾರೆ. ಮತ್ತೊಬ್ಬರು ‘ಮೇಲೆ ತೂಕ ಹೇರು, ಸರಿಹೋಗುತ್ತೆ’ ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ಬೀಜ ಸಮನಾಗಿ ಬೀಳಲಿಲ್ಲ, ಕಾಳು ಒಡೆದವು, ಒಂದು ಸಾಲು ತಡವಾಗಿ ಹುಟ್ಟಿತು. ನಿಮ್ಮ ಗೆಳೆಯರ ಸಲಹೆಗಳು ಹೆಚ್ಚಾಗಿ ಮೊದಲನೆಯದನ್ನೇ ಹಿಡಿದುಕೊಂಡಿವೆ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಮೂರನೆಯದೇ ನನ್ನ ಲೆಕ್ಕದಲ್ಲಿ ದೊಡ್ಡ ನಷ್ಟ. ಸಸಿಗಳ ನಡುವೆ ಎರಡು ಇಂಚು ಹೆಚ್ಚುಕಡಿಮೆ ಆದರೆ ಮೆಕ್ಕೆಜೋಳ ಬಹಳ ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಆದರೆ ಅಕ್ಕಪಕ್ಕದ ಗಿಡಕ್ಕಿಂತ ಒಂದೂವರೆ ಎರಡು ವಾರ ತಡವಾಗಿ ಹುಟ್ಟಿದ ಗಿಡ ನೆರಳಿಗೆ ಸಿಕ್ಕಿಕೊಳ್ಳುತ್ತದೆ. ನೀರು, ಗೊಬ್ಬರ ತಿನ್ನುತ್ತದೆ, ತೆನೆ ಮಾತ್ರ ಕೊಡುವುದಿಲ್ಲ. ಅದಕ್ಕೇ ಡಬ್ಬಿಯ ಒಳಗಿಗಿಂತ ಮೊದಲು ಮಣ್ಣಿನ ಒಳಗೆ ನೋಡೋಣ ಅಂತ ನನ್ನ ಸಲಹೆ.

ಆದರೂ ಮೊದಲು ಕುದುರೆಗಳ ಮೇಲಿನ ಆರೋಪ ತೆಗೆದುಬಿಡುತ್ತೇನೆ. ಅದು ತಪ್ಪು. ನಿಮ್ಮ ಯಂತ್ರದಲ್ಲಿ ಡಬ್ಬಿಯ ತಳದಲ್ಲಿ ಬೀಜದ ಪ್ಲೇಟ್ ಇದೆ, ಅಂದರೆ ಗೂಡುಗಳಲ್ಲಿ ಕಾಳು ಹಿಡಿದು ಕೊಳವೆಗೆ ಬಿಡುವ ಬಿಲ್ಲೆ. ಅದು ತಿರುಗುವುದು ನೆಲದ ಮೇಲೆ ಉರುಳುವ ಗಾಲಿಯಿಂದ. ಕುದುರೆ ನಿಧಾನವಾದರೆ ಗಾಲಿ ನಿಧಾನ, ಗಾಲಿ ನಿಧಾನವಾದರೆ ಪ್ಲೇಟ್ ನಿಧಾನ. ಕುದುರೆ ನಿಂತರೆ ಬೀಜವೂ ನಿಲ್ಲುತ್ತದೆ. ಹೆಜ್ಜೆ ಏರುಪೇರಾದರೂ ಅಂತರ ಬದಲಾಗಬಾರದು ಅಂತಲೇ ಈ ಏರ್ಪಾಡು ಮಾಡಿದ್ದು. ಇಂಗ್ಲೆಂಡಿನ ಜೆತ್ರೋ ಟಲ್ 1701ರ ಸುಮಾರಿಗೆ ಕಟ್ಟಿದ ಕುದುರೆ ಕೂರಿಗೆಯ ಹೊಸತನ ಬಹುಪಾಲು ಇದೇ. ಸಾಲಿನಲ್ಲಿ ಬಿತ್ತುವುದನ್ನು ಅವನೇ ಕಂಡುಹಿಡಿದ ಅಂತ ಬರೆಯುವವರಿದ್ದಾರೆ. ಅದು ನಿಜವಲ್ಲ. ಚೀನಾದಲ್ಲಿ ಹಾನ್ ದೊರೆಗಳ ಕಾಲಕ್ಕೇ ಕೊಳವೆಯ ಕೂರಿಗೆ ಇತ್ತು. ನಮ್ಮ ಕೂರಿಗೆಯೂ ಹಳೆಯದೇ. 1790ರ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಾಟ್ ಎಂಬ ಸೇನಾಧಿಕಾರಿ ದಕ್ಷಿಣ ಭಾರತದ ಕೂರಿಗೆ ಬೇಸಾಯವನ್ನು ನೋಡಿ, ಅದರ ವಿವರವನ್ನು ಲಂಡನ್ನಿನ ಕೃಷಿ ಮಂಡಳಿಗೆ ಬರೆದು ಕಳಿಸಿದ. ಆದರೆ ಕೂರಿಗೆಯಲ್ಲಿ ಬೀಜದ ಲೆಕ್ಕ ಬಿತ್ತುವವರ ಮುಷ್ಟಿಯಲ್ಲಿರುತ್ತದೆ. ಕೈ ಪಳಗಿರಬೇಕು. ಟಲ್ ಆ ಲೆಕ್ಕವನ್ನು ಗಾಲಿಗೆ ವಹಿಸಿದ.

ಈಗ ನಿಮ್ಮ ಗೆಳೆಯರ ಬ್ಯಾಟರಿ ಮೋಟರ್ ನೋಡಿ. ಒಂದೇ ವೇಗದಲ್ಲಿ ತಿರುಗುವ ಸಾದಾ ಮೋಟರ್ ಹಾಕಿದಿರಿ ಅಂದುಕೊಳ್ಳಿ. ಕುದುರೆ ಬೇಗ ನಡೆದ ಕಡೆ ಬೀಜ ದೂರ ದೂರ ಬೀಳುತ್ತದೆ, ನಿಧಾನವಾದ ಕಡೆ ಒತ್ತಾಗುತ್ತದೆ, ನಿಂತ ಕಡೆ ಗುಡ್ಡೆ ಬೀಳುತ್ತದೆ. ಇಲ್ಲದ ರೋಗವನ್ನು ನಾವೇ ತಂದುಕೊಂಡ ಹಾಗೆ. ವೇಗ ಅಳೆದು ತಾನೇ ಹೊಂದಿಕೊಳ್ಳುವ ಮೋಟರ್‌ಗಳೂ ಇವೆ. ಅವು ಟ್ರ್ಯಾಕ್ಟರ್ ಪ್ಲಾಂಟರ್‌ಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಅದಕ್ಕೆ ಅಳತೆ ಕೊಡುವುದೂ ಗಾಲಿಯೇ ಆದರೆ, ಜಾರುವ ಗಾಲಿ ಅದಕ್ಕೂ ತಪ್ಪು ಲೆಕ್ಕವನ್ನೇ ಕೊಡುತ್ತದೆ. ಎರಡು ಸಾಲಿನ ಹಳೆಯ ಯಂತ್ರಕ್ಕೆ ಅಷ್ಟೆಲ್ಲ ತಂತಿ, ಬ್ಯಾಟರಿ ಬೇಡ.

ವೇಗದಿಂದ ಏನೂ ಆಗುವುದಿಲ್ಲ ಅಂತಲ್ಲ. ಪ್ಲೇಟ್ ತೀರಾ ಜೋರಾಗಿ ತಿರುಗಿದರೆ ಗೂಡಿಗೆ ಕಾಳು ಕೂರಲು ಸಮಯ ಸಾಲದು. ಆದರೆ ಕುದುರೆ ನಡೆಯುವುದು ಗಂಟೆಗೆ ಎರಡೂವರೆ ಮೈಲಿಯ ಆಸುಪಾಸು. ಎಂಟು ಇಂಚಿಗೊಂದು ಬೀಜ ಅಂದರೆ ಸೆಕೆಂಡಿಗೆ ಐದಾರು ಕಾಳು ಬಿದ್ದರೆ ಸಾಕು. ಪ್ಲೇಟಿಗೆ ಇದು ಆರಾಮದ ಕೆಲಸ. ನಿಧಾನ ನಡಿಗೆ ಇಲ್ಲಿ ನಿಮಗೆ ಲಾಭವೇ.

ಹಾಗಾದರೆ ಜೋಡಿ ಸಸಿ, ಖಾಲಿ ಜಾಗ ಯಾಕೆ ಬಂತು? ಅದನ್ನು ಸಾಲೇ ಹೇಳುತ್ತದೆ. ಬಿತ್ತಿದ ಕೂಡಲೇ ಒಂದು ಚಾಕು ಹಿಡಿದು ಸಾಲಿನ ಪಕ್ಕ ಮಂಡಿಯೂರಿ. ಮಣ್ಣನ್ನು ಪಕ್ಕದಿಂದ ಮೆಲ್ಲಗೆ ಬಗೆಯುತ್ತಾ ಹೋಗಿ, ಕಾಳು ಕದಲಬಾರದು. 40 ಇಂಚಿನ ಸಾಲಾದರೆ 13 ಅಡಿ 1 ಇಂಚು ಉದ್ದ ಬಗೆಯಿರಿ. ಅದು ಎಕರೆಯ ಸಾವಿರದ ಒಂದು ಪಾಲು. ಎಂಟು ಇಂಚಿನ ಅಂತರಕ್ಕೆ ಅಲ್ಲಿ 19–20 ಕಾಳು ಸಿಗಬೇಕು. ಟೇಪು ಹಾಸಿ ಪ್ರತಿ ಕಾಳಿನ ಜಾಗವನ್ನು ಬರೆದುಕೊಳ್ಳಿ. ಯಂತ್ರ ನೋಡಿಕೊಡಿ ಅಂತ ಕರೆದವರ ಹೊಲದಲ್ಲಿ ನಾನು ಸ್ಪ್ಯಾನರ್ ಮುಟ್ಟುವ ಮುಂಚೆ ಮಾಡಿಸುವ ಕೆಲಸ ಇದೇ. ಬೇಜಾರಿನ ಕೆಲಸ, ನಿಜ. ಆದರೆ ಇದನ್ನು ಬಿಟ್ಟು ಮಾಡಿದ ರಿಪೇರಿಯೆಲ್ಲ ಊಹೆಯೇ ಅಲ್ವಾ?

ಖಾಲಿ ಜಾಗ ಸರಿಯಾಗಿ 16 ಇಂಚು ಬಂದಿದ್ದರೆ, ನಡುವೆ ಒಂದು ಗೂಡು ಖಾಲಿ ಹೋಗಿದೆ. ಆ ಖಾಲಿ ಪ್ರತಿ ಹದಿನಾರನೇ ಕಾಳಿಗೊಮ್ಮೆ ಬಂದು, ನಿಮ್ಮ ಪ್ಲೇಟಿನಲ್ಲೂ ಹದಿನಾರು ಗೂಡಿದ್ದರೆ, ಒಂದು ಗೂಡಿನಲ್ಲಿ ಒಡೆದ ಕಾಳು ಸಿಕ್ಕಿಕೊಂಡಿದೆ. ಕಡ್ಡಿಯಲ್ಲಿ ತೆಗೆದರೆ ಮುಗಿಯಿತು. ಖಾಲಿ ಮೂರು ನಾಲ್ಕು ಅಡಿ ಇದ್ದು, ಆಮೇಲೆ ಎಲ್ಲ ಸರಿಯಾಗಿದ್ದರೆ ಅಲ್ಲಿ ಗಾಲಿ ತಿರುಗದೆ ಜಾರಿದೆ, ಇಲ್ಲವೇ ಗಾಲಿಯನ್ನು ಪ್ಲೇಟಿಗೆ ಜೋಡಿಸುವ ಕ್ಲಚ್ ಹಾರಿದೆ. ಒಂದೇ ಜಾಗದಲ್ಲಿ ಎರಡು ಕಾಳು, ಮುಂದಿನ ಅಂತರ ಎಂಟೇ ಇಂಚು ಅಂದರೆ ಗೂಡಿಗೆ ಎರಡು ಕಾಳು ಹೊಕ್ಕಿವೆ. ಎರಡು ಕಾಳು ಒತ್ತಾಗಿದ್ದು, ಅದರ ಹಿಂದೆ ಅಥವಾ ಮುಂದೆ 14–15 ಇಂಚು ಖಾಲಿ ಇದ್ದರೆ ಲೆಕ್ಕ ತಪ್ಪಿಲ್ಲ. ಒಂದು ಕಾಳು ಕೊಳವೆಯಲ್ಲಿ ತಡವಾಗಿ ಇಳಿದಿದೆ. ಹೀಗೆ ಒಂದೊಂದು ತಪ್ಪಿಗೂ ಒಂದೊಂದು ಗುರುತು ಇರುತ್ತದೆ.

ಇನ್ನೊಂದು ಪರೀಕ್ಷೆ ನೆರಳಿನಲ್ಲಿ ಮಾಡುವಂಥದ್ದು. ಕುದುರೆ ಬಿಚ್ಚಿ, ಗಾಲಿಯನ್ನು ನೆಲದಿಂದ ಎತ್ತಿ ಭದ್ರವಾಗಿ ಆಸರೆ ಕೊಡಿ. ಕೊಳವೆಯ ಬಾಯಿಗೆ ತಟ್ಟೆ ಇಟ್ಟು ಗಾಲಿಯನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಗಾಲಿಯ ಅಡ್ಡಗಲ 28 ಇಂಚಾದರೆ ಒಂದು ಸುತ್ತಿಗೆ 88 ಇಂಚು ನೆಲ ಸಾಗುತ್ತದೆ, ಅಂದರೆ 11 ಕಾಳು. ಹತ್ತು ಸುತ್ತಿಗೆ 110. ತಟ್ಟೆಯಲ್ಲಿ 110 ಬಂದು ಹೊಲದಲ್ಲಿ ಕಡಿಮೆ ಸಿಕ್ಕರೆ ತಪ್ಪು ಗಾಲಿಯದು. ತಟ್ಟೆಯಲ್ಲೇ 125 ಬಂದರೆ ತಪ್ಪು ಪ್ಲೇಟಿನದು. ಎಡ ಬಲ ಎರಡನ್ನೂ ಬೇರೆ ಬೇರೆ ಎಣಿಸಿ.

ನನ್ನ ಅನುಭವದಲ್ಲಿ ಹಳೆಯ ಪ್ಲಾಂಟರ್‌ಗಳ ಜೋಡಿ ಸಸಿಗೆ ಮುಖ್ಯ ಕಾರಣ ಪ್ಲೇಟ್ ಸವೆದಿದ್ದಲ್ಲ, ಪ್ಲೇಟಿಗೂ ಬೀಜಕ್ಕೂ ಜೋಡಿಯಾಗದೇ ಇದ್ದದ್ದು. ಮೆಕ್ಕೆಜೋಳದ ತೆನೆಯಲ್ಲಿ ಬುಡದ ಮತ್ತು ತುದಿಯ ಕಾಳು ದುಂಡಗೆ, ನಡುವಿನದು ಚಪ್ಪಟೆ. ಹಿಂದಿನ ರೈತರು ಬುಡ, ತುದಿಯ ಕಾಳುಗಳನ್ನು ಉದುರಿಸಿ ನಡುವಿನವನ್ನಷ್ಟೇ ಬಿತ್ತನೆಗೆ ಇಡುತ್ತಿದ್ದರು. ಪ್ಲೇಟ್ ತಯಾರಿಸುವವರೂ ಅದಕ್ಕೆ ತಕ್ಕಂತೆ ಗೂಡು ಕೊರೆದರು. ಕಾಳು ಮಲಗಿ ಕೂರುವ ಗೂಡು ಒಂದು ಬಗೆ. ಕಾಳು ಅಂಚಿನ ಮೇಲೆ ನಿಂತು ಕೂರುವ ಗೂಡು ಇನ್ನೊಂದು. ಈ ಎರಡನೆಯದು ದೊಡ್ಡ ಸುಧಾರಣೆ. ಕಾಳಿನ ದಪ್ಪ ಅದರ ಅಗಲದಷ್ಟು ಏರುಪೇರಾಗುವುದಿಲ್ಲ. ನಿಂತ ಕಾಳಿನ ಪಕ್ಕ ಎರಡನೆಯದಕ್ಕೆ ಜಾಗವೂ ಇರುವುದಿಲ್ಲ. ನೀವು ದುಂಡು ಬೀಜ ತಂದು ಇಂಥ ಪ್ಲೇಟಿಗೆ ಸುರಿದರೆ ಅದು ಏನು ಮಾಡೀತು?

ಪ್ಲೇಟನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು, ನೀವು ಬಿತ್ತುವ ಚೀಲದ ಕಾಳನ್ನೇ ಒಂದೊಂದು ಗೂಡಿಗೂ ಕೈಯಿಂದ ಹಾಕಿ. ಸಲೀಸಾಗಿ ಕೂರಬೇಕು. ಮೇಲೆ ಬೆರಳಾಡಿಸಿದರೆ ಕಾಳು ಪ್ಲೇಟಿನ ಮಟ್ಟಕ್ಕೇ ಇರಬೇಕು. ಗೂಡಿನಲ್ಲಿ ಎರಡನೇ ಕಾಳು ತಲೆ ತೂರಿಸಿದರೆ ಪ್ಲೇಟ್ ದೊಡ್ಡದು ಅಥವಾ ದಪ್ಪ. ಕಾಳು ಮೇಲಕ್ಕೆ ಉಬ್ಬಿ ನಿಂತರೆ ಪ್ಲೇಟ್ ತೆಳು. ಒಡೆದ ಕಾಳಿನ ಗುಟ್ಟು ಇಲ್ಲೇ ಇದೆ. ಉಬ್ಬಿದ ಕಾಳು ಕಟ್‌ಆಫ್ ನಾಲಿಗೆಯ ಕೆಳಗೆ ಹೋಗಿ ಚಚ್ಚಿಹೋಗುತ್ತದೆ. ಹೆಚ್ಚಿನ ಕಾಳನ್ನು ಆಚೆ ಸರಿಸುವುದು ಆ ನಾಲಿಗೆಯ ಕೆಲಸ. ಅದರ ಹಿಂದೆ ಸ್ಪ್ರಿಂಗ್ ಇರುತ್ತದೆ. ತುಕ್ಕು ಹಿಡಿದು ಬಿಗಿಯಾದರೆ ಅದು ಹಿಂದೆ ಸರಿಯದೆ ಕಾಳನ್ನೇ ಒಡೆಯುತ್ತದೆ. ಸವೆದು ಸಡಿಲವಾದರೆ ಎರಡೆರಡು ಕಾಳು ಬಿಟ್ಟುಬಿಡುತ್ತದೆ. ಇದೂ ಟಲ್ ಕಾಲದಿಂದಲೇ ಬಂದ ಉಪಾಯ. ಚರ್ಚುಗಳಲ್ಲಿ ನುಡಿಸುವ ಆರ್ಗನ್ ವಾದ್ಯದೊಳಗಿನ ನಾಲಿಗೆ ಮತ್ತು ಸ್ಪ್ರಿಂಗ್ ನೋಡಿ ಅವನಿಗೆ ಇದು ಹೊಳೆಯಿತಂತೆ. ದಪ್ಪ ಕಾಳು ಬಂದರೆ ಸ್ಪ್ರಿಂಗ್ ಬಾಗಿ ದಾರಿ ಬಿಡಬೇಕು, ಕಾಳು ಒಡೆಯಬಾರದು. ಮುನ್ನೂರು ವರ್ಷ ಕಳೆದರೂ ಆ ಮಾತು ಹಾಗೇ ನಿಂತಿದೆ.

ಹಳೆಯ ಪ್ಲಾಂಟರ್‌ಗಳಿಗೆ ಹೊಂದುವ ಹೊಸ ಪ್ಲಾಸ್ಟಿಕ್ ಪ್ಲೇಟ್‌ಗಳು ಸಿಗುತ್ತವೆ. ನಿಮ್ಮ ಬೀಜದ ಒಂದು ಹಿಡಿ ಜೊತೆಗೆ ಒಯ್ದು ಕೂರಿಸಿ ನೋಡಿ ತನ್ನಿ. ಒಂದೇ ಗಾತ್ರಕ್ಕೆ ಜರಡಿ ಹಿಡಿದ ಬೀಜ ಕೊಳ್ಳಿ. ಬೀಜ ಅಂಟುತ್ತಿದ್ದರೆ ಚಿಟಿಕೆ ಗ್ರಾಫೈಟ್ ಪುಡಿ ಬೆರೆಸಿ. ಔಷಧಿ ಲೇಪಿಸಿದ ಬೀಜವಾದರೆ ಕೈಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಮುಟ್ಟಿ. ಉಳಿದ ಬೀಜ ಕುದುರೆಯ ದಾಣಿಗೆ ಅಪ್ಪಿತಪ್ಪಿಯೂ ಹೋಗಬಾರದು. ಬದುವಿನಲ್ಲಿ ಚೆಲ್ಲಿದ್ದನ್ನು ಹಕ್ಕಿ ತಿನ್ನುವ ಮೊದಲು ಮಣ್ಣು ಮುಚ್ಚಿ.

ಗಾಲಿಯ ವಿಷಯ ಚಿಕ್ಕದು, ಆದರೆ ಎಲ್ಲರೂ ಮರೆಯುತ್ತಾರೆ. ಹಸಿ ಮಣ್ಣಿನಲ್ಲಿ ರಿಮ್ಮಿಗೆ ಮುಕ್ಕಾಲು ಇಂಚು ಕೆಸರು ಮೆತ್ತಿದರೆ 28 ಇಂಚಿನ ಗಾಲಿ ಇಪ್ಪತ್ತೊಂಬತ್ತೂವರೆ ಆಯಿತು. ಬೀಜದ ಅಂತರ ನೂರಕ್ಕೆ ಐದರಷ್ಟು ಹಿಗ್ಗಿತು. ಕೆಸರು ಹೆರೆಯುವ ಪಟ್ಟಿ ಕಟ್ಟಿ. ಬಿಡಿ ಮಣ್ಣಿನಲ್ಲಿ ಗಾಲಿ ಜಾರುತ್ತಿದ್ದರೆ ರಿಮ್ಮಿಗಿಂತ ಮೊದಲು ಅಚ್ಚು ನೋಡಿ. ಅಚ್ಚು, ಚೈನ್, ಪ್ಲೇಟಿನ ತಳ ಇವುಗಳಲ್ಲಿ ಯಾವುದೋ ಒಂದು ಬಿಗಿಯಾಗಿ ಗಾಲಿಯನ್ನು ಹಿಡಿದಿರುತ್ತದೆ.

ಈಗ ನಿಮ್ಮ ಎಡಗಡೆ ಸಾಲಿಗೆ ಬರೋಣ. ಬಗೆಯುವಾಗ ಆಳವನ್ನೂ ಅಳೆಯಿರಿ ಅಂದೆನಲ್ಲ, ಇಲ್ಲ, ಅಂತರ ಅಷ್ಟೇ ಹೇಳಿದ್ದೆ. ಆಳವನ್ನು ಖಂಡಿತ ಅಳೆಯಿರಿ. ಮೆಕ್ಕೆಜೋಳಕ್ಕೆ ಒಂದೂವರೆಯಿಂದ ಎರಡು ಇಂಚು ಹದ. ಎಡಗಡೆ ಮೂರು ಇಂಚಿಗೆ ಹೋಗಿದೆಯೋ, ಅಥವಾ ಮುಕ್ಕಾಲು ಇಂಚಿನಲ್ಲೇ ಉಳಿದು ಒಣ ಮಣ್ಣಿನಲ್ಲಿ ಮಳೆಗೆ ಕಾಯುತ್ತಿತ್ತೋ ಎಂಬುದು ಆಗ ಗೊತ್ತಾಗುತ್ತದೆ. ಎರಡರಲ್ಲೂ ಹುಟ್ಟುವುದು ತಡವೇ. ಆದರೆ ಮದ್ದು ಒಂದಕ್ಕೊಂದು ಪೂರ್ತಿ ಉಲ್ಟಾ.

ನಿಮ್ಮ ಯಂತ್ರದ ಮುಂದೆ ಜಾರುಬಂಡಿಯ ಹಾಗೆ ಬಾಗಿದ ಎರಡು ಕಬ್ಬಿಣದ ರನ್ನರ್ ಇರಬೇಕು. ಮಣ್ಣು ಸೀಳುವುದು ಅವೇ. ಹಿಂದೆ ಬರುವ ಗಾಲಿ ಮಣ್ಣು ಮುಚ್ಚಿ ಒತ್ತುತ್ತದೆ. ಈ ಜೋಡಣೆಯನ್ನು ಗಟ್ಟಿ ಮಾಡಿದವನು ಇಲಿನಾಯ್ಸ್‌ನ ಗೇಲ್ಸ್‌ಬರ್ಗಿನ ಜಾರ್ಜ್ ಬ್ರೌನ್. ಅವನ ಪೇಟೆಂಟ್ 1853ರದು. ಎಷ್ಟೋ ಜನ ಅದನ್ನೇ ನಕಲು ಮಾಡಿದರು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ 1874ರಲ್ಲಿ ಬ್ರೌನ್ ಪರ ತೀರ್ಪಾಯಿತು. ಅವನ ಯಂತ್ರದಲ್ಲಿ ಒಬ್ಬರು ಕುದುರೆ ಹೊಡೆಯಬೇಕು, ಮುಂದೆ ಕೂತ ಹುಡುಗ ಹೊಲದಲ್ಲಿ ಮೊದಲೇ ಎಳೆದ ಅಡ್ಡಗೆರೆ ಬಂದಾಗಲೆಲ್ಲ ಸನ್ನೆಕೋಲು ಎಳೆದು ಕಾಳು ಬೀಳಿಸಬೇಕು. ಆಮೇಲೆ ಹೊಲದುದ್ದಕ್ಕೂ ಗಂಟು ತಂತಿ ಹಾಸುವ ಪದ್ಧತಿ ಬಂತು. ತಂತಿಯ ಗಂಟು ಯಂತ್ರದ ಕವೆಗೆ ತಾಗಿದಾಗಲೆಲ್ಲ ಕಾಳು ಬೀಳುತ್ತಿತ್ತು, ಹುಡುಗ ಬೇಡವಾದ. ಹೀಗೆ 40 ಇಂಚಿನ ಚೌಕಕ್ಕೆ ಮೂರು ಕಾಳು ಬಿತ್ತಿದರೆ ಎಕರೆಗೆ 11,760 ಗಿಡ. ನೀವು ಎಂಟು ಇಂಚಿಗೊಂದರಂತೆ ಬಿತ್ತಿದರೆ 19,600. ಚೌಕ ಬಿತ್ತಿದರೆ ಉದ್ದಕ್ಕೂ ಅಡ್ಡಕ್ಕೂ ಕುಂಟೆ ಹೊಡೆದು ಕಳೆ ತೆಗೆಯಬಹುದಿತ್ತು. ನಿಮ್ಮ ಯಂತ್ರದ ಪಕ್ಕದಲ್ಲಿ ಕವೆ ಥರದ ಕೈ ಇದ್ದರೆ ಅದು ಆ ತಂತಿಗೆ ಇಟ್ಟದ್ದು. ಕಿತ್ತು ಬಿಸಾಡಬೇಡಿ, ಇರಲಿ.

ರನ್ನರ್‌ಗೆ ವಾಪಸ್ ಬರೋಣ. ಎರಡನ್ನೂ ತಿರುಗಿಸಿ ತಳ ನೋಡಿ. ಹೊಸದರಲ್ಲಿ ತಳ ಚೂಪು, ಅದು ಬಿಡುವ ಸಾಲೂ ಚೂಪು. ಕಾಳು ಆ ಸೀಳಿನ ತಳದಲ್ಲೇ ಹೋಗಿ ಕೂರುತ್ತದೆ. ಸವೆದು ಮೊಂಡಾದರೆ ಸಾಲು ಅಗಲವಾಗಿ, ಕಾಳು ಅತ್ತಿತ್ತ ಉರುಳಿ, ಒಂದು ಆಳಕ್ಕೆ ಇನ್ನೊಂದು ಮೇಲಕ್ಕೆ ನಿಲ್ಲುತ್ತದೆ. ಎಡದ್ದು ಬಲದ್ದಕ್ಕಿಂತ ಜಾಸ್ತಿ ಸವೆದಿರುವುದು ಬಹಳ ಸಾಮಾನ್ಯ. ಅದು ಸರಿಯಿದ್ದರೆ ಮೂಕಿ, ಅಂದರೆ ಕುದುರೆಗಳ ನಡುವೆ ಮುಂದಕ್ಕೆ ಚಾಚಿದ ಉದ್ದ ಮರ ನೋಡಿ. ಕುದುರೆಗಳು ಎತ್ತರವಾಗಿದ್ದು ಮೂಕಿಯ ತುದಿ ಮೇಲಕ್ಕೆ ಎದ್ದಿದ್ದರೆ ರನ್ನರ್‌ಗಳ ಮೂತಿ ಎತ್ತುತ್ತದೆ. ಜಗ್ಗುವ ಅಡ್ಡಮರದಲ್ಲಿ ಎರಡೂ ಕಡೆ ಸಮ ಇಲ್ಲದಿದ್ದರೆ, ಅಥವಾ ಒಂದು ಕುದುರೆ ಯಾವಾಗಲೂ ಅರ್ಧ ಹೆಜ್ಜೆ ಮುಂದೆ ಹೋಗುತ್ತಿದ್ದರೆ, ಯಂತ್ರ ಸೊಟ್ಟ ನಡೆಯುತ್ತದೆ. ಆಗ ಒಂದು ರನ್ನರ್ ಸೀಳುತ್ತದೆ, ಇನ್ನೊಂದು ಕೆರೆಯುತ್ತದೆ. ಹೊಲದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿದರೆ ಕಣ್ಣಿಗೇ ಕಾಣುತ್ತದೆ.

ತೂಕ ಹೇರುವ ಸಲಹೆಯನ್ನು ಈ ಕಾರಣಕ್ಕೇ ನಾನು ಒಪ್ಪುವುದಿಲ್ಲ. ಮೂಕಿ ಸೊಟ್ಟಗಿದ್ದಾಗ ತೂಕ ಹಾಕಿದರೆ ಆಳದ ಸಾಲು ಇನ್ನೂ ಆಳವಾಗುತ್ತದೆ, ಅಷ್ಟೇ. ತೂಕ ಗಾಲಿಯ ಮೇಲೆ ಬಿದ್ದರೆ ಜಿಗುಟು ಮಣ್ಣಿನಲ್ಲಿ ಸಾಲಿನ ಮೇಲೆ ಹೊಪ್ಪಳಿಕೆ ಕಟ್ಟಿ ಮೊಳಕೆ ಹೊರಗೆ ಬರಲಾರದು. ಒಳ್ಳೆಯ ಒತ್ತುಗಾಲಿಗಳ ರಿಮ್ಮನ್ನು ನಡುವೆ ತಗ್ಗಾಗಿ ಅಥವಾ ಸೀಳಾಗಿ ಮಾಡಿದ್ದು ಅದಕ್ಕೇ. ಎರಡು ಪಕ್ಕದಿಂದ ಒತ್ತಿ, ಕಾಳಿನ ನೆತ್ತಿಯ ಮೇಲಿನ ಮಣ್ಣನ್ನು ಸಡಿಲ ಬಿಡಬೇಕು. ಕುದುರೆಗಳ ಬಗ್ಗೆಯೂ ಯೋಚಿಸಿ. ದಿನವಿಡೀ ಎಳೆಯುವ ಕುದುರೆಗೆ ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ಎಳೆತ ಸಾಕು ಎಂಬುದು ರೂಢಿಯ ಲೆಕ್ಕ. ತಲಾ 1,600 ಪೌಂಡಿನ ಜೋಡಿಗೆ ಒಟ್ಟು 320 ಪೌಂಡ್ ಎಳೆತ. ಅದನ್ನು ಸುಮ್ನೆ ಕಲ್ಲು ಹೊರಲು ಖರ್ಚು ಮಾಡಬೇಡಿ.

ಹೊಲದಲ್ಲಿ ಹಳೆ ಬೆಳೆಯ ಕೂಳೆ, ಕಸ ಇದ್ದರೆ ಮಾತ್ರ ಕಥೆ ಬೇರೆ. ರನ್ನರ್ ಕಸದ ಮೇಲೆ ಏರಿ ಜಾರುತ್ತದೆ. ಅದು ನುಣ್ಣಗೆ ಉತ್ತ ಹೊಲಕ್ಕೆಂದು ಮಾಡಿದ ಉಪಕರಣ. ಒಂದೋ ಹೊಲ ಚೆನ್ನಾಗಿ ಹದ ಮಾಡಿ, ಇಲ್ಲವೇ ರನ್ನರ್ ಮುಂದೆ ಕಸ ಕತ್ತರಿಸುವ ತಟ್ಟೆ ಕೂರಿಸಿ. ತಟ್ಟೆ ಕಸಕ್ಕೆ ಒಳ್ಳೆಯದು, ಆದರೆ ಹಸಿ ಜಿಗುಟು ಮಣ್ಣನ್ನು ಅಂಟಿಸಿಕೊಳ್ಳುತ್ತದೆ. ಎರಡೂ ಕಡೆ ಗೆಲ್ಲುವ ಉಪಕರಣ ನಾನು ನೋಡಿಲ್ಲ.

ಇನ್ನು ಗಾಳಿ ಹೀರುವ ಮೀಟರ್. ಅದು ನಿಜಕ್ಕೂ ಒಳ್ಳೆಯ ಯಂತ್ರ. ಬೀಜದ ಗಾತ್ರ ಏರುಪೇರಾದರೂ ಒಂದೊಂದೇ ಕಾಳು ಹಿಡಿಯುತ್ತದೆ. ಆದರೆ ಅದಕ್ಕೆ ಫ್ಯಾನ್ ಬೇಕು, ಫ್ಯಾನಿಗೆ ಎಂಜಿನ್ ಬೇಕು, ಎಂಜಿನ್ನಿಗೆ ಪೆಟ್ರೋಲ್ ಬೇಕು, ಕುದುರೆಗಳಿಗೆ ಆ ಸದ್ದು ರೂಢಿಯಾಗಬೇಕು. ಹೊಸ ಸಾಲು ಘಟಕಗಳೇ (ಒಂದೊಂದು ಸಾಲಿಗೂ ಬೀಜ ಬಿಡುವ ಬಿಡಿ ಯಂತ್ರಗಳು) ಬೇಕು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಓಹಾಯೋ, ಪೆನ್ಸಿಲ್ವೇನಿಯಾದ ಅಮಿಷ್ ಎಂಬ ಕ್ರೈಸ್ತ ಪಂಗಡದ ರೈತರು ಕುದುರೆ ಹಿಂದೆ ಫೋರ್‌ಕಾರ್ಟ್ ಎಂಬ ಎರಡು ಗಾಲಿಯ ಬಂಡಿ ಕಟ್ಟಿ, ಅದರ ಹಿಂದೆ ಟ್ರ್ಯಾಕ್ಟರಿಗೆಂದು ಮಾಡಿದ ಉಪಕರಣ ಎಳೆಸುತ್ತಾರೆ. ಫ್ಯಾನ್ ಬೇಡದ, ನೆಲದ ಗಾಲಿಯಿಂದಲೇ ತಿರುಗುವ, ಬೆರಳಿನಂಥ ಕ್ಲಿಪ್ಪಿನಿಂದ ಕಾಳು ಎತ್ತುವ ಘಟಕಗಳನ್ನು ಹಾಗೆ ಎಳೆಸಬಹುದು. ಜಮೀನು ದೊಡ್ಡದಾದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಘಟಕಗಳ ತೂಕ ಜಾಸ್ತಿ. ಎಳೆತ ಅಳೆಯದೆ ಕೊಳ್ಳಬೇಡಿ. ಹಳೆಯ ಚೌಕಟ್ಟಿಗೆ ಮಾತ್ರ ಅವನ್ನು ಬೆಸೆಯಬೇಡಿ. ಅದರ ಎಷ್ಟೋ ಭಾಗ ಎರಕದ ಕಬ್ಬಿಣ. ಸಾದಾ ವೆಲ್ಡಿಂಗಿನ ಬಿಸಿಗೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಏನೇ ಸೇರಿಸಿದರೂ ಬೋಲ್ಟು, ಕ್ಲ್ಯಾಂಪಿನಲ್ಲೇ ಸೇರಿಸಿ. ಬೇಡವಾದರೆ ಬಿಚ್ಚಬಹುದು.

ಓಡಿಸುವಾಗ ಎರಡು ಮಾತು. ರನ್ನರ್ ಮಣ್ಣಿನಲ್ಲಿರುವಾಗ ಕುದುರೆಯನ್ನು ಹಿಂದಕ್ಕೆ ಸರಿಸಬೇಡಿ, ಒಂದು ಹೆಜ್ಜೆಯೂ ಬೇಡ. ಕೊಳವೆಯ ಬಾಯಿಗೆ ಮಣ್ಣು ತುಂಬಿಕೊಳ್ಳುತ್ತದೆ. ಮೇಲಿನ ಡಬ್ಬಿ ಸರಿಯಾಗಿ ತಿರುಗುತ್ತಿರುತ್ತದೆ, ಕೆಳಗೆ ಸಾಲಿಗೆ ಸಾಲೇ ಖಾಲಿ ಹೋಗುತ್ತದೆ. ಹಾಗೇನಾದರೂ ಆದರೆ ರನ್ನರ್ ಎತ್ತಿ, ಕೊಳವೆ ನೋಡಿ, ಆಮೇಲೆ ಮುಂದೆ ಹೊರಡಿ. ಆದರೆ ನೋಡುವ ಮೊದಲು ಕುದುರೆ ಬಿಚ್ಚಿ, ಅಥವಾ ಇನ್ನೊಬ್ಬರು ಲಗಾಮು ಹಿಡಿದು ಮುಂದೆ ನಿಂತಿರಲಿ. ಒಂದು ನೊಣ ಕಚ್ಚಿದರೂ ಕುದುರೆ ಮುಂದಕ್ಕೆ ಹೆಜ್ಜೆ ಇಡುತ್ತದೆ, ಆಗ ನಿಮ್ಮ ಕೈ ಗೇರಿನ ನಡುವೆ ಇರಬಾರದು.

ಮುಂದಿನ ಬಿತ್ತನೆಗೆ ಮೊದಲು ರನ್ನರ್, ಮೂಕಿ, ಅಡ್ಡಮರ ಸರಿಮಾಡಿ. ಆಮೇಲೆ ಬೀಜಕ್ಕೆ ತಕ್ಕ ಪ್ಲೇಟ್ ಹಾಕಿ, ಕಟ್‌ಆಫ್ ಸ್ಪ್ರಿಂಗ್ ಬದಲಿಸಿ, ತಟ್ಟೆಯಲ್ಲಿ ಎಣಿಸಿ. ಹೊಲದಲ್ಲಿ ಮೊದಲ ಸಾಲು ಮುಗಿದ ಕೂಡಲೇ ನಿಲ್ಲಿಸಿ ಎರಡೂ ಕಡೆ ಬಗೆಯಿರಿ. ಇಷ್ಟಾದ ಮೇಲೂ ಖಾಲಿ ಉಳಿದರೆ ಪ್ಲೇಟಿನ ಹಿಂಬದಿಯಲ್ಲಿ ಎರಕ ಹೊಯ್ದ ಸಂಖ್ಯೆ, ಅದರ ಗೂಡುಗಳ ಎಣಿಕೆ, ಗಾಲಿಯ ಅಡ್ಡಗಲ, ಬಗೆದಾಗ ಬರೆದುಕೊಂಡ ಅಳತೆ ಇಷ್ಟನ್ನು ಕಳಿಸಿ. ಯಾವ ಗೇರು ಬದಲಿಸಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.